ಅಜ್ಜನ ಬಿಸ್ಕತ್ ಡಬ್ಬಿಯಲ್ಲಿ ಉಗಿ ಎಂಜಿನ್‌ಗಳು: ಸ್ಕ್ಯಾನ್ ಮಾಡಿ ಎಸೆಯೋದಾ, ಇಟ್ಟುಕೊಳ್ಳೋದಾ?

ಪ್ರಶ್ನೆ: ನಾವು ಪುತ್ತೂರಿನವರು. ಕೆಲಸದ ಮೇಲೆ ಇಂಗ್ಲೆಂಡಿನ ಡರ್ಬಿಗೆ ಬಂದು ಕೆಲವು ವರ್ಷಗಳಾದವು. ಪಕ್ಕದ ಮನೆಯ ಅಜ್ಜ 2022ರಲ್ಲಿ ತೀರಿಕೊಂಡರು. ಅವರಿಗೆ ಚಿಕ್ಕಂದಿನಿಂದಲೂ ರೈಲಿನ ಹುಚ್ಚು. ರಜೆ ಸಿಕ್ಕಿದರೆ ಸಾಕು, ಕ್ಯಾಮೆರಾ ಹಿಡಿದು ರೈಲು ಎಂಜಿನ್ ನಿಲ್ಲಿಸುವ ಲೋಕೋ ಶೆಡ್‌ಗಳಿಗೆ ಹೋಗುತ್ತಿದ್ದರಂತೆ. ಈಗ ಅಜ್ಜಿ ವೃದ್ಧಾಶ್ರಮಕ್ಕೆ ಹೋಗುವವರಿದ್ದಾರೆ. ಅಜ್ಜನ ಫೋಟೋಗಳನ್ನೆಲ್ಲ ನನ್ನ ಕೈಗೆ ಕೊಟ್ಟು, "ನಿನಗೆ ಬೇಕಾದ ಹಾಗೆ ಮಾಡು" ಅಂದಿದ್ದಾರೆ. ಮೂರು ತಗಡಿನ ಬಿಸ್ಕತ್ ಡಬ್ಬಿ ತುಂಬಾ ಕಪ್ಪು-ಬಿಳುಪು ನೆಗೆಟಿವ್, ಐದಾರು ಪೆಟ್ಟಿಗೆ ಕಲರ್ ಸ್ಲೈಡ್, ಒಂದಷ್ಟು ಪ್ರಿಂಟ್, ಕೆಲವು ಪುಟಾಣಿ ನೋಟ್‌ಬುಕ್ ಇವೆ. ಒಂದು ಡಬ್ಬಿ ತೆರೆದರೆ ವಿನೆಗರ್ ವಾಸನೆ ಮೂಗಿಗೆ ಹೊಡೆಯುತ್ತದೆ. ತೊಳೆದರೆ ಹೋಗುತ್ತದಾ? ಕೆಲವು ಸ್ಲೈಡ್ ಪೂರ್ತಿ ಕೆಂಪಾಗಿವೆ. ಎಂಜಿನ್‌ಗಳೂ ಕಪ್ಪು ಮಸಿ ಹಿಡಿದ ಹಾಗೆ ಕಾಣುತ್ತವೆ. ಫೋಟೋ ಹಾಳಾಗಿರುವುದಾ ಗೊತ್ತಾಗುತ್ತಿಲ್ಲ. ನಮ್ಮ ಯಜಮಾನರು ಒಂದು ಫೋಟೋವನ್ನು ಎಐ ಆ್ಯಪ್‌ಗೆ ಹಾಕಿದರು. ಮಸುಕಾಗಿದ್ದ ನಂಬರ್ 44871 ಅಂತ ಸ್ಪಷ್ಟವಾಗಿ ಬಂತು. ಎಲ್ಲವನ್ನೂ ಹೀಗೇ ಸ್ಕ್ಯಾನ್ ಮಾಡಿ ಅಂತರ್ಜಾಲದಲ್ಲಿ ಹಾಕಿ, ಮೂಲ ಪ್ರತಿಗಳನ್ನು ಎಸೆಯೋಣ ಅಥವಾ ಮಾರೋಣ ಅನ್ನುತ್ತಾರೆ. ಮುಂದಿನ ವರ್ಷ ಊರಿಗೆ ವಾಪಸ್ ಬರುತ್ತೇವೆ. ಪುತ್ತೂರಿಗೇ ತರಬಹುದಾ? ಆ ಫೋಟೋವನ್ನೂ, ಆ್ಯಪ್ ಕೊಟ್ಟದ್ದನ್ನೂ ಜೊತೆಗೆ ಕಳಿಸಿದ್ದೇನೆ.
– ಹೆಸರು ಬೇಡ, ಡರ್ಬಿ

ಉತ್ತರ: ಪ್ರಶ್ನೆ ಹಲವು ಇದ್ದರೂ ನಿಮ್ಮ ಚಿಂತೆ ಒಂದೇ ಅನಿಸುತ್ತದೆ. ನಂಬಿ ಕೊಟ್ಟ ವಸ್ತು ನಿಮ್ಮ ಕೈಯಲ್ಲಿ ಹಾಳಾಗಬಾರದು. ಹಾಗಂತ ಅದನ್ನು ಜೀವನಪೂರ್ತಿ ಹೊತ್ತು ತಿರುಗಲೂ ಆಗದು. ಎರಡಕ್ಕೂ ದಾರಿ ಇದೆ, ಗಾಬರಿ ಬೇಡ.

ಹಳೆ ಫಿಲಂ, ಹಳೆ ಪ್ರಿಂಟ್ ಉಳಿಸುವುದೇ ನನ್ನ ಕೆಲಸ. ಇಂಥ ಪೆಟ್ಟಿಗೆ ಬಂದಾಗ ಎಲ್ಲರಿಗೂ ಮೊದಲು ನೆನಪಾಗುವುದು ಸ್ಕ್ಯಾನರ್. ಅದು ಆಮೇಲೆ. ಮೊದಲು ಆ ಪುಟಾಣಿ ನೋಟ್‌ಬುಕ್‌ಗಳ ಪ್ರತಿ ಪುಟವನ್ನೂ ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಆಮೇಲೆ ಅಜ್ಜಿಯ ಪಕ್ಕ ಕೂತು ಮಾತಾಡಿಸಿ, ಅವರು ಹೇಳುವುದನ್ನು ರೆಕಾರ್ಡ್ ಮಾಡಿಕೊಳ್ಳಿ. ಯಾವ ಊರಿಗೆ ಹೋಗುತ್ತಿದ್ದರು, ಯಾರ ಜೊತೆ, ಯಾವ ಕ್ಯಾಮೆರಾ, ಈ ಪ್ರಿಂಟ್ ಅಜ್ಜನೇ ತೆಗೆದದ್ದಾ ಅಥವಾ ಯಾರಿಂದಲೋ ಕೊಂಡದ್ದಾ? ನೆಗೆಟಿವ್ ಇನ್ನೊಂದಿಷ್ಟು ದಿನ ಕಾಯುತ್ತದೆ. ಈ ಮಾಹಿತಿ ಕಾಯುವುದಿಲ್ಲ.

1950-60ರ ದಶಕದಲ್ಲಿ ರೈಲಿನ ಹುಚ್ಚಿದ್ದ ಹುಡುಗರು ನೋಟ್‌ಬುಕ್‌ನಲ್ಲಿ ಎಂಜಿನ್ ನಂಬರ್, ಶೆಡ್, ತಾರೀಕು ಬರೆಯುತ್ತಿದ್ದರು. ಕೆಲವರು ಫಿಲಂ ರೋಲಿನ ನಂಬರನ್ನೂ ಬರೆಯುತ್ತಿದ್ದರು. ನೆಗೆಟಿವ್ ಇಟ್ಟ ಲಕೋಟೆಯ ಮೇಲೆ ಅದೇ ನಂಬರ್ ಇರಬಹುದು, ನೋಡಿ. ಇದ್ದರೆ ನಿಮ್ಮ ಅರ್ಧ ಕೆಲಸ ಆದ ಹಾಗೆ. ಲಕೋಟೆ ಬದಲಿಸುವಾಗ ಹಳೆಯದರ ಮೇಲೆ ಏನಿದೆಯೋ ಅದನ್ನೇ ಹೊಸದರ ಮೇಲೆ ಪೆನ್ಸಿಲ್‌ನಲ್ಲಿ ಬರೆಯಿರಿ. ಬಾಲ್‌ಪೆನ್ ಬೇಡ. "ನೀಟಾಗಿ ಜೋಡಿಸೋಣ" ಅಂತ ಎಂಜಿನ್ ಪ್ರಕಾರ, ಊರಿನ ಪ್ರಕಾರ ವಿಂಗಡಿಸಲು ಹೋಗಬೇಡಿ. ಅಜ್ಜ ಇಟ್ಟ ಕ್ರಮದಲ್ಲೇ ಮಾಹಿತಿ ಇದೆ. ಒಂದೇ ದಿನ ತೆಗೆದ ಹನ್ನೆರಡು ಚಿತ್ರ ಒಟ್ಟಿಗಿದ್ದರೆ, ಗೊತ್ತಿರುವ ಒಂದರಿಂದ ಉಳಿದ ಹನ್ನೊಂದನ್ನು ಗುರುತಿಸಬಹುದು.

ಈಗ ವಿನೆಗರ್ ವಾಸನೆ. ಅದು ಮೇಲೆ ಅಂಟಿದ ಕೊಳೆ ಅಲ್ಲ, ತೊಳೆದರೆ ಹೋಗುವುದಿಲ್ಲ. ಆ ಕಾಲದ ಫಿಲಂನ ಪಟ್ಟಿ ಸೆಲ್ಯುಲೋಸ್ ಅಸಿಟೇಟ್ ಅನ್ನುವ ಪ್ಲಾಸ್ಟಿಕ್‌ನದು. ಶಾಖ ಮತ್ತು ತೇವಕ್ಕೆ ಆ ಪಟ್ಟಿಯೇ ನಿಧಾನವಾಗಿ ಒಡೆಯುತ್ತದೆ, ಅಸಿಟಿಕ್ ಆಮ್ಲ ಹೊರಬರುತ್ತದೆ. ವಿನೆಗರ್‌ನಲ್ಲಿರುವುದೂ ಅದೇ ಆಮ್ಲ. ತೊಂದರೆ ಏನೆಂದರೆ, ಹೊರಬಂದ ಆಮ್ಲ ಒಡೆಯುವ ಕೆಲಸವನ್ನು ಇನ್ನೂ ಜೋರು ಮಾಡುತ್ತದೆ. ಒಂದು ಚಮಚ ಮೊಸರು ಪಾತ್ರೆ ಹಾಲನ್ನೆಲ್ಲ ಹೆಪ್ಪು ಹಾಕಿದ ಹಾಗೆ. ಮುಚ್ಚಳ ಬಿಗಿಯಾಗಿರುವ ತಗಡಿನ ಡಬ್ಬಿಯಲ್ಲಿ ಆಮ್ಲಕ್ಕೆ ಹೊರಹೋಗಲು ದಾರಿಯೇ ಇಲ್ಲ. ಪಕ್ಕದ ಒಳ್ಳೆ ನೆಗೆಟಿವ್‌ಗೂ ತಗಲುತ್ತದೆ. ಕೊನೆಗೆ ಪಟ್ಟಿ ಕುಗ್ಗಿ, ಚಿತ್ರ ಇರುವ ಪದರ ಸುಕ್ಕುಗಟ್ಟಿ ಮೇಲೇಳುತ್ತದೆ. ಅಂಥ ಫಿಲಂ ನೀರಿಗೆ ಹಾಕಿದರೆ ಚಿತ್ರವೇ ಬಿಟ್ಟುಬರಬಹುದು.

ಹೊಸ ಅಸಿಟೇಟ್ ಫಿಲಂ 21 ಡಿಗ್ರಿ ಸೆಲ್ಸಿಯಸ್, ಶೇ 50 ತೇವಾಂಶದಲ್ಲಿ ಇದ್ದರೆ ಈ ವಾಸನೆ ಶುರುವಾಗಲು ಸುಮಾರು 40 ವರ್ಷ ಬೇಕು ಅನ್ನುವುದು ನಮ್ಮ ವೃತ್ತಿಯಲ್ಲಿ ಎಲ್ಲರೂ ಬಳಸುವ ಲೆಕ್ಕ. ಅಜ್ಜನ ಫಿಲಂ ಅರವತ್ತು ವರ್ಷ ದಾಟಿದೆ. ಬೇಸಿಗೆಯಲ್ಲಿ ಕಾಯುವ ಅಟ್ಟದ ಮೇಲೆ ಇತ್ತೋ ಏನೋ. ಆದ್ದರಿಂದ ಇದು ಆಶ್ಚರ್ಯವೂ ಅಲ್ಲ, ಯಾರ ತಪ್ಪೂ ಅಲ್ಲ.

ವಾಸನೆಯ ಡಬ್ಬಿಯನ್ನು ಇವತ್ತೇ ಬೇರೆ ಕೋಣೆಗೆ ಹಾಕಿ. ಕಿಟಕಿ ತೆರೆದು, ನೈಟ್ರೈಲ್ ಗ್ಲೌಸ್ ಹಾಕಿಕೊಂಡು, ನೆಗೆಟಿವ್‌ಗಳನ್ನು ಆಮ್ಲರಹಿತ ಕಾಗದದ ಲಕೋಟೆಗೆ, ಲಕೋಟೆಗಳನ್ನು ರಟ್ಟಿನ ಪೆಟ್ಟಿಗೆಗೆ ವರ್ಗಾಯಿಸಿ. ಪಿವಿಸಿ ಪ್ಲಾಸ್ಟಿಕ್ ಕವರ್, ಅಂಟು ಪುಟದ ಆಲ್ಬಂ ಎರಡೂ ಬೇಡವೇ ಬೇಡ. ಎಷ್ಟು ಹಾಳಾಗಿದೆ ಅಂತ ತಿಳಿಯಲು ಎ-ಡಿ ಸ್ಟ್ರಿಪ್ ಅನ್ನುವ ಪುಟ್ಟ ಕಾಗದದ ಪಟ್ಟಿ ಸಿಗುತ್ತದೆ. ನೆಗೆಟಿವ್ ಜೊತೆ ಇಟ್ಟರೆ ಆಮ್ಲ ಇದ್ದಷ್ಟೂ ನೀಲಿಯಿಂದ ಹಸಿರಿಗೆ, ಹಸಿರಿನಿಂದ ಹಳದಿಗೆ ತಿರುಗುತ್ತದೆ. ಹಳದಿ ಆದವನ್ನು ಮೊದಲು ಸ್ಕ್ಯಾನ್ ಮಾಡಿ. ಹಾಳಾದದ್ದನ್ನು ಮೊದಲಿನಂತೆ ಮಾಡುವ ಔಷಧಿ ಇಲ್ಲ, ನಿಧಾನ ಮಾಡುವ ಉಪಾಯ ಮಾತ್ರ ಇದೆ. ಅದು ಚಳಿ. ಜಿಪ್ ಚೀಲದಲ್ಲಿ ಎರಡು ಸುತ್ತು ಮುಚ್ಚಿ ಫ್ರೀಜರ್‌ನಲ್ಲಿ ಇಡಬಹುದು. ಹೊರ ತೆಗೆದಾಗ ಒಂದು ದಿನ ಪೂರ್ತಿ ಚೀಲ ತೆರೆಯದೆ ಬಿಡಬೇಕು, ಇಲ್ಲದಿದ್ದರೆ ತಣ್ಣನೆಯ ಫಿಲಂ ಮೇಲೆ ನೀರು ಕೂರುತ್ತದೆ. ಗಾಜಿನ ನೆಗೆಟಿವ್, ಗಾಜಿನ ಚೌಕಟ್ಟಿನ ಸ್ಲೈಡ್ ಇದ್ದರೆ ಅವನ್ನು ಫ್ರೀಜರ್‌ಗೆ ಹಾಕಬಾರದು.

ಒಂದು ಎಚ್ಚರಿಕೆ. 1950ಕ್ಕಿಂತ ಹಳೆಯ ನೆಗೆಟಿವ್ ಏನಾದರೂ ಇದ್ದರೆ ಅಂಚಿನಲ್ಲಿ "ಸೇಫ್ಟಿ" ಅಂತ ಅಚ್ಚಾಗಿದೆಯಾ ನೋಡಿ. ಇಲ್ಲದೆ, ಹಳದಿಯಾಗಿ ಅಂಟಂಟು ಆಗಿದ್ದರೆ ಅದು ಬೆಂಕಿ ಹಿಡಿಯುವ ನೈಟ್ರೇಟ್ ಫಿಲಂ ಇರಬಹುದು. ಸ್ಕ್ಯಾನರ್ ಮೇಲೆ ಇಡಬೇಡಿ, ಅಂಚೆಯಲ್ಲೂ ಕಳಿಸಬೇಡಿ. ಹತ್ತಿರದ ದಾಖಲೆ ಸಂಗ್ರಹಾಲಯಕ್ಕೆ ಫೋನ್ ಮಾಡಿ ಕೇಳಿ.

ಕೆಂಪಾದ ಸ್ಲೈಡ್‌ಗಳ ಕಥೆ ಚಿಕ್ಕದು. ಕಲರ್ ಫಿಲಂನಲ್ಲಿ ಮೂರು ಬಣ್ಣದ ಪದರ ಇರುತ್ತವೆ. ಆ ಕಾಲದ ಹಲವು ಫಿಲಂಗಳಲ್ಲಿ ನೀಲಿ-ಹಸಿರು ಪದರ ಕತ್ತಲಲ್ಲಿ ಇಟ್ಟರೂ ಮೊದಲು ಮಾಸುತ್ತದೆ, ಕೆಂಪು ಉಳಿಯುತ್ತದೆ. ಚೌಕಟ್ಟಿನ ಮೇಲೆ ಕೊಡಾಕ್ರೋಮ್ (ಕೊಡಾಕ್ ಕಂಪನಿಯ ಒಂದು ಬಗೆಯ ಸ್ಲೈಡ್ ಫಿಲಂ) ಅಂತ ಇರುವ ಸ್ಲೈಡ್‌ಗಳನ್ನು ನೋಡಿ, ಅವು ಇವತ್ತಿಗೂ ನಿನ್ನೆ ಡೆವಲಪ್ ಮಾಡಿದ ಹಾಗೆ ಇರಬೇಕು. ಆದರೆ ಅವನ್ನು ಪ್ರೊಜೆಕ್ಟರ್‌ಗೆ ಹಾಕಿ ತೋರಿಸುತ್ತಾ ಕೂರಬೇಡಿ. ಕತ್ತಲಲ್ಲಿ ಗಟ್ಟಿ ಇರುವ ಕೊಡಾಕ್ರೋಮ್ ಪ್ರೊಜೆಕ್ಟರ್ ಬೆಳಕಿಗೆ ಬೇಗ ಸೋಲುತ್ತದೆ.

ಎಂಜಿನ್‌ಗಳು ಕಪ್ಪಾಗಿ ಕಾಣುವುದು ಮಾತ್ರ ಬೇರೆ ವಿಷಯ. ಅದು ಫೋಟೋದ ದೋಷ ಅಲ್ಲ. ಎಂಜಿನ್‌ಗಳೇ ಹಾಗಿದ್ದವು!

ಬ್ರಿಟನ್ನಿನ ರೈಲ್ವೆ ಕಂಪನಿಗಳು 1948ರ ಜನವರಿ 1ರಂದು ಸರ್ಕಾರದ ಕೈಗೆ ಬಂದಾಗ ಸುಮಾರು 20,000 ಉಗಿ ಎಂಜಿನ್ ಇದ್ದವು. 1955ರಲ್ಲಿ ರೈಲ್ವೆಯ ಆಧುನೀಕರಣ ಯೋಜನೆ ಬಂತು. ಡೀಸೆಲ್ ಮತ್ತು ವಿದ್ಯುತ್ ಬರಲಿ, ಉಗಿ ಹೋಗಲಿ ಅಂತ. ಆ ಸರ್ಕಾರಿ ರೈಲ್ವೆ, ಅಂದರೆ ಬ್ರಿಟಿಷ್ ರೈಲ್ವೇಸ್, ಕಟ್ಟಿದ ಕೊನೆಯ ಉಗಿ ಎಂಜಿನ್ 92220, ಹೆಸರು ಈವನಿಂಗ್ ಸ್ಟಾರ್. 1960ರ ಮಾರ್ಚ್‌ನಲ್ಲಿ ಸ್ವಿಂಡನ್ ಕಾರ್ಖಾನೆಯಿಂದ ಹೊರಬಂದ ಅದನ್ನು 1965ರಲ್ಲೇ ಕೆಲಸದಿಂದ ತೆಗೆದರು. ಐದೇ ವರ್ಷ! 1968ರ ಆಗಸ್ಟ್ 11ರಂದು ಉಗಿ ಎಂಜಿನ್ ಎಳೆದ ಕೊನೆಯ ವಿಶೇಷ ರೈಲು ಓಡಿತು. ಟಿಕೆಟ್ಟಿಗೆ 15 ಗಿನಿ (ಬ್ರಿಟನ್ನಿನ ಹಳೆ ಹಣದ ಲೆಕ್ಕ). ಅಲ್ಲಿಗೆ ಮುಖ್ಯ ಮಾರ್ಗಗಳಲ್ಲಿ ಉಗಿಯ ಕಾಲ ಮುಗಿಯಿತು. ನಿಮ್ಮ ಅಜ್ಜನಂಥ ಹುಡುಗರು ಶೆಡ್‌ನಿಂದ ಶೆಡ್‌ಗೆ ಓಡಿದ್ದು ಇದೇ ಕಾರಣಕ್ಕೆ. ಮುಂದಿನ ವರ್ಷ ಇದು ಇರುವುದಿಲ್ಲ ಅಂತ ಅವರಿಗೆ ಗೊತ್ತಿತ್ತು.

ಶೆಡ್ ಕೆಲಸ ಎಂಥದ್ದು ಅಂದರೆ, ದಿನದ ಓಟ ಮುಗಿಸಿ ಬಂದ ಎಂಜಿನ್‌ಗೆ ಕಲ್ಲಿದ್ದಲು ತುಂಬಬೇಕು, ನೀರು ಹಿಡಿಯಬೇಕು, ಬೆಂಕಿ ಕೆದಕಿ ಬೂದಿಗುಂಡಿಗೆ ಇಳಿಸಬೇಕು, ಮುಂಭಾಗದ ಹೊಗೆಪೆಟ್ಟಿಗೆಯ ಮಸಿಯನ್ನು ಸಲಿಕೆಯಲ್ಲಿ ಎಳೆಯಬೇಕು, ಟರ್ನ್‌ಟೇಬಲ್ ಮೇಲೆ ತಿರುಗಿಸಿ ಒಳಗೆ ನಿಲ್ಲಿಸಬೇಕು. ಹಗಲು ರಾತ್ರಿ, ಮಳೆ ಚಳಿ ಅನ್ನದೆ. 1960ರ ದಶಕದಲ್ಲಿ ಫ್ಯಾಕ್ಟರಿಗಳಲ್ಲಿ ಇದಕ್ಕಿಂತ ಚೊಕ್ಕವಾದ ಕೆಲಸ, ಜಾಸ್ತಿ ಸಂಬಳ ಸಿಗುತ್ತಿತ್ತು. ಎಂಜಿನ್ ಒರೆಸುವ ಹುಡುಗರು ಸಿಗಲಿಲ್ಲ. ನಾಳೆ ಗುಜರಿಗೆ ಹೋಗುವ ಎಂಜಿನ್‌ಗೆ ಯಾರು ತಾನೇ ಎಣ್ಣೆಬಟ್ಟೆ ಹಿಡಿಯುತ್ತಾರೆ? ಕೊನೆಯ ವರ್ಷಗಳಲ್ಲಿ ಕಳ್ಳತನದ ಭಯಕ್ಕೆ ಹಿತ್ತಾಳೆಯ ಹೆಸರು ಫಲಕಗಳನ್ನೂ ಬಿಚ್ಚಿಟ್ಟಿದ್ದರು. ಅದಕ್ಕೇ ಪ್ರಸಿದ್ಧ ಎಂಜಿನ್ ಕೂಡ ಹೆಸರಿಲ್ಲದೆ, ಸೀಮೆಸುಣ್ಣದಲ್ಲಿ ಗೀಚಿದ ನಂಬರ್ ಹೊತ್ತು ನಿಂತಿರುತ್ತದೆ. ಹಾಗಾಗಿ ಸಾಫ್ಟ್‌ವೇರ್‌ನಲ್ಲಿ ಬೆಳಕು ಹೆಚ್ಚಿಸಿ "ಚಂದ" ಮಾಡಬೇಡಿ. ಆ ಮಸಿಯೇ ದಾಖಲೆ.

ಈಗ ನೀವು ಕಳಿಸಿದ ಫೋಟೋ. ಎಂಜಿನ್ಗೆ ಎದುರಾಗಿ ಸ್ವಲ್ಪ ಓರೆಗೆ ನಿಂತು ತೆಗೆದದ್ದು. ಮುಖದ ದುಂಡನೆಯ ಬಾಗಿಲಿನ ಮೇಲೆ ನಂಬರ್ ಫಲಕ. 44 ಓದಬಹುದು, ಮುಂದಿನ ಮೂರು ಅಂಕಿ ಮಸಿಯಲ್ಲಿ ಮುಚ್ಚಿವೆ. ಕೆಳಗೆ ಮೊಟ್ಟೆಯಾಕಾರದ ಚಿಕ್ಕ ಎರಕದ ಫಲಕ ಇದೆ. ಅದರಲ್ಲಿ 24ಎಲ್. ಅದು ಎಂಜಿನ್ ಸೇರಿದ ಶೆಡ್‌ನ ಗುರುತು. 24ಎಲ್ ಅಂದರೆ ಲ್ಯಾಂಕಾಶೈರ್‌ನ ಕಾರ್ನ್‌ಫೋರ್ತ್. ಈ ಶೆಡ್‌ಗೆ ಮೊದಲು 11ಎ ಅನ್ನುವ ಗುರುತಿತ್ತು, 1958ರಿಂದ 1963ರವರೆಗೆ 24ಎಲ್, ಆಮೇಲೆ 10ಎ. ಒಂದು ಪುಟ್ಟ ಫಲಕದಿಂದ ಫೋಟೋದ ಕಾಲ ಐದು ವರ್ಷದೊಳಗೆ ಬಂತು, ಅಲ್ವಾ? ಆದರೆ ಒಂದು ಮಾತು. ಫಲಕ ಹೇಳುವುದು ಎಂಜಿನ್ನಿನ ಮನೆಯನ್ನು, ಫೋಟೋ ತೆಗೆದ ಜಾಗವನ್ನಲ್ಲ. ಕಾರ್ನ್‌ಫೋರ್ತ್ ಎಂಜಿನ್ ಬೇರೆ ಶೆಡ್‌ನಲ್ಲಿ ನಿಂತಿರಬಹುದು. ಜಾಗಕ್ಕೆ ಹಿನ್ನೆಲೆ ನೋಡಬೇಕು. ಹಿಂದೆ ಕಾಣುವ ಎತ್ತರದ ಕಾಂಕ್ರೀಟ್ ಗೋಪುರ ಕಲ್ಲಿದ್ದಲು ತುಂಬುವ ಕಟ್ಟಡ. ಕಾರ್ನ್‌ಫೋರ್ತ್‌ನದು ಇವತ್ತಿಗೂ ನಿಂತಿದೆ, ಸಂರಕ್ಷಿತ ಕಟ್ಟಡ. ಈಗಿನ ಚಿತ್ರದ ಜೊತೆ ಹೋಲಿಸಿ ನೋಡಿ.

ನಂಬರ್ ವಿಷಯಕ್ಕೆ ಬರೋಣ. ರಾಷ್ಟ್ರೀಕರಣದ ನಂತರ ಐದಂಕಿಯ ನಂಬರ್‌ನಲ್ಲಿ 3ರಿಂದ ಶುರುವಾದವು ಹಳೆ ಸದರ್ನ್ ಕಂಪನಿಯ ಎಂಜಿನ್. 4 ಮತ್ತು 5 ಎಲ್‌ಎಂಎಸ್ (ಲಂಡನ್, ಮಿಡ್‌ಲ್ಯಾಂಡ್ ಅಂಡ್ ಸ್ಕಾಟಿಷ್) ಕಂಪನಿಯವು. 6 ಎಲ್‌ಎನ್‌ಇಆರ್ (ಲಂಡನ್ ಅಂಡ್ ನಾರ್ತ್ ಈಸ್ಟರ್ನ್) ಕಂಪನಿಯವು. 7, 8, 9 ಹೆಚ್ಚಾಗಿ ಬ್ರಿಟಿಷ್ ರೈಲ್ವೇಸ್ ತಾನೇ ಕಟ್ಟಿದವು ಮತ್ತು ಯುದ್ಧಕಾಲದವು. ಗ್ರೇಟ್ ವೆಸ್ಟರ್ನ್ ಎಂಜಿನ್‌ಗಳು ಮಾತ್ರ ಹಳೆ ನಾಲ್ಕಂಕಿಯಲ್ಲೇ ಉಳಿದವು, ಏಕೆಂದರೆ ಅವುಗಳ ನಂಬರ್ ಎರಕದ ಫಲಕದಲ್ಲಿತ್ತು. ನಿಮ್ಮದು ಎಲ್‌ಎಂಎಸ್ ಮೂಲದ್ದು. 44ರಿಂದ ಶುರುವಾಗುವ ಎಂಜಿನ್‌ಗಳಲ್ಲಿ ಎರಡು ಜಾತಿ ಜಾಸ್ತಿ: ಗೂಡ್ಸ್ ಎಳೆಯುವ 4ಎಫ್, ಮತ್ತು ಎಲ್ಲ ಕೆಲಸಕ್ಕೂ ಸೈ ಅನಿಸಿಕೊಂಡ ಬ್ಲ್ಯಾಕ್ ಫೈವ್. ಫೋಟೋದಲ್ಲಿ ಎರಡೂ ಬದಿಗೆ ಸಿಲಿಂಡರ್ ಹೊರಗೆ ಕಾಣುತ್ತದೆ, ಮುಂದೆ ಚಿಕ್ಕ ಚಕ್ರಗಳಿವೆ. 4ಎಫ್‌ಗೆ ಇವೆರಡೂ ಇಲ್ಲ, ಹಾಗಾಗಿ ಇದು ಬ್ಲ್ಯಾಕ್ ಫೈವ್. 44ರಲ್ಲಿ ಅವು 44658ರಿಂದ 44999ರವರೆಗೆ. ಚಿತ್ರ ಹೇಳುವುದು ಇಷ್ಟೇ. ಇದಕ್ಕಿಂತ ಮುಂದಿನದು ನೋಟ್‌ಬುಕ್‌ನಲ್ಲಿ ಸಿಕ್ಕರೆ ಸಿಕ್ಕಿತು.

ಆ್ಯಪ್ ಕೊಟ್ಟ 44871? ನಂಬಬೇಡಿ. ಮಸಿಯಲ್ಲಿ ಮುಚ್ಚಿದ ಅಂಕಿ ಆ್ಯಪ್‌ಗೂ ಕಾಣುವುದಿಲ್ಲ. ಅದು "ಇಲ್ಲಿ ಅಂಕಿ ಇರಬೇಕು" ಅಂತ ಊಹಿಸಿ ಬರೆಯುತ್ತದೆ, ಅಷ್ಟೇ. 44871 ನಿಜವಾಗಿ ಇರುವ ಎಂಜಿನ್. 1968ರ ಆ ಕೊನೆಯ ರೈಲನ್ನು ಎಳೆದವುಗಳಲ್ಲಿ ಒಂದು, ಉಳಿದುಕೊಂಡೂ ಇದೆ. ಅದರ ಫೋಟೋಗಳು ಬೇಕಾದಷ್ಟು. ಆ್ಯಪ್‌ಗೆ ಅದೇ ನಂಬರ್ ಹೊಳೆದಿದ್ದರೆ ಆಶ್ಚರ್ಯವಿಲ್ಲ. ನೀವು ಇದನ್ನು ಹಾಗೇ ಹಾಕಿದರೆ ನಾಳೆ ಯಾರೋ "ಈ ಎಂಜಿನ್ ಆಗ ಕಾರ್ನ್‌ಫೋರ್ತ್‌ನಲ್ಲಿತ್ತು, ಫೋಟೋ ಸಾಕ್ಷಿ ಇದೆ" ಅಂತ ಬರೆಯುತ್ತಾರೆ. ಬಣ್ಣ ತುಂಬುವ ಆ್ಯಪ್‌ಗಳೂ ಹೀಗೇ. ಎಕ್ಸ್‌ಪ್ರೆಸ್ ಎಂಜಿನ್ ಹೆಚ್ಚಾಗಿ ಗಾಢ ಹಸಿರು, ಇತರ ಕೆಲಸದವು ಕಪ್ಪು, 1950ರ ದಶಕದ ಕೊನೆಯಲ್ಲಿ ಕೆಲವಕ್ಕೆ ಮರೂನ್. ಕಪ್ಪು-ಬಿಳುಪು ಚಿತ್ರದಿಂದ ಇದು ತಿಳಿಯುವುದಿಲ್ಲ.

ಕಾಲ ಗುರುತಿಸಲು ಇನ್ನೆರಡು ಸುಳಿವು ಕೊಡುತ್ತೇನೆ, ನಿಮಗೆ ಉಪಯೋಗ ಆದೀತು. ಎಂಜಿನ್ ಹಿಂದೆ ಕಲ್ಲಿದ್ದಲು, ನೀರು ಹೊರುವ ಟೆಂಡರ್ ಅನ್ನುವ ಬಂಡಿಯ ಬದಿಯಲ್ಲಿ ಸಿಂಹ ಚಕ್ರದ ಮೇಲೆ ಸವಾರಿ ಮಾಡಿದ ಹಾಗಿದ್ದರೆ ಹಳೆ ಲಾಂಛನ, ಚಕ್ರವನ್ನು ಕೈಯಲ್ಲಿ ಹಿಡಿದಿದ್ದರೆ 1956ರ ನಂತರದ್ದು. ಹಳೆಯದು ಅಳಿಸದೆ ಎಷ್ಟೋ ವರ್ಷ ಉಳಿದದ್ದೂ ಇದೆ. ಹಾಗಾಗಿ ಹೊಸ ಲಾಂಛನ ಕಂಡರೆ 1956ರ ನಂತರ ಅನ್ನಬಹುದು, ಹಳೆಯದು ಕಂಡರೆ ಮುಂಚೆ ಅನ್ನಲಾಗದು. ಇನ್ನೊಂದು, ಚಾಲಕನ ಕ್ಯಾಬಿನ್ ಬದಿಯಲ್ಲಿ ಓರೆಯಾದ ಹಳದಿ ಪಟ್ಟೆ. ಕ್ರೂ ಊರಿನ ದಕ್ಷಿಣಕ್ಕೆ ವಿದ್ಯುತ್ ತಂತಿಯ ಕೆಳಗೆ ಈ ಎಂಜಿನ್ ಹೋಗಬಾರದು ಅನ್ನುವ ಗುರುತು ಅದು. ನಿಷೇಧ ಬಂದದ್ದು 1964ರ ಸೆಪ್ಟೆಂಬರ್ 1ರಿಂದ.

ಸ್ಕ್ಯಾನಿಂಗ್ ಬಗ್ಗೆ. 35 ಮಿಮೀ ನೆಗೆಟಿವ್‌ಗೆ 4000 ಡಿಪಿಐ (ಒಂದು ಇಂಚಿಗೆ 4000 ಚುಕ್ಕಿ) ಸಾಕು. ಅದು ಸುಮಾರು 21 ಮೆಗಾಪಿಕ್ಸೆಲ್ ಚಿತ್ರ. ಅಗ್ಗದ ಫ್ಲಾಟ್‌ಬೆಡ್ ಸ್ಕ್ಯಾನರ್ ಪೆಟ್ಟಿಗೆಯ ಮೇಲೆ ದೊಡ್ಡ ಅಂಕಿ ಬರೆದಿರುತ್ತಾರೆ, ಸಿಗುವ ವಿವರ ಅದಕ್ಕಿಂತ ತುಂಬಾ ಕಡಿಮೆ. ಲೈಟ್ ಬಾಕ್ಸ್ ಮೇಲೆ ನೆಗೆಟಿವ್ ಇಟ್ಟು, 24 ಮೆಗಾಪಿಕ್ಸೆಲ್ ಕ್ಯಾಮೆರಾ ಮತ್ತು ಮ್ಯಾಕ್ರೋ ಲೆನ್ಸ್‌ನಲ್ಲಿ ತೆಗೆದರೆ ಬೇಗನೂ ಆಗುತ್ತದೆ, ಚೆನ್ನಾಗಿಯೂ ಬರುತ್ತದೆ. ಒಂದು ಪರೀಕ್ಷೆ: ಭೂತಗನ್ನಡಿಯಲ್ಲಿ ಓದಲು ಆಗುವ ನಂಬರ್ ಸ್ಕ್ಯಾನ್‌ನಲ್ಲೂ ಓದಲು ಆಗಬೇಕು. ಸ್ಕ್ಯಾನರ್‌ನಲ್ಲಿ ಧೂಳು ತೆಗೆಯುವ ಇನ್ಫ್ರಾರೆಡ್ ಆಯ್ಕೆ ಇದ್ದರೆ ಕಪ್ಪು-ಬಿಳುಪು ನೆಗೆಟಿವ್‌ಗೆ ಆಫ್ ಮಾಡಿ. ಅದು ಚಿತ್ರದ ಬೆಳ್ಳಿಯನ್ನೇ ಧೂಳು ಅಂದುಕೊಳ್ಳುತ್ತದೆ. ಕೊಡಾಕ್ರೋಮ್‌ಗೂ ಅದೇ ತೊಂದರೆ. ಗುಣಮಟ್ಟ ಕಳೆಯದ ಟಿಫ್ ಫೈಲ್ ಒಂದು ಹಾಗೇ ಮುಟ್ಟದೆ ಇಡಿ. ಬಣ್ಣ ತಿದ್ದುವುದು, ಕತ್ತರಿಸುವುದು ಎಲ್ಲ ನಕಲಿನ ಮೇಲೆ.

ಆಮೇಲೆ ಮೂಲವನ್ನು ಎಸೆಯಬಹುದಾ? ಬೇಡ. ನಿಮ್ಮ ಸ್ಕ್ಯಾನ್‌ನಲ್ಲಿ ಏನು ತಪ್ಪಿದೆ ಅಂತ ಗೊತ್ತಾಗುವುದು ಎಷ್ಟೋ ವರ್ಷ ಕಳೆದ ಮೇಲೆ. ಆಗ ಮೂಲ ಇರಬೇಕು. ಹಾರ್ಡ್ ಡಿಸ್ಕ್ ಕೈಕೊಡುವುದೂ ಹೊಸದೇನಲ್ಲ.

ಅಂತರ್ಜಾಲದಲ್ಲಿ ಹಾಕುವುದಕ್ಕೆ ಮುಂಚೆ ಹಕ್ಕಿನ ವಿಷಯ ನೋಡಬೇಕು. ಡಬ್ಬಿ ನಿಮ್ಮ ಕೈಗೆ ಬಂದ ಮಾತ್ರಕ್ಕೆ ಫೋಟೋದ ಹಕ್ಕುಸ್ವಾಮ್ಯ ಬರುವುದಿಲ್ಲ. ಬ್ರಿಟನ್ನಿನಲ್ಲಿ ಅದು ಫೋಟೋ ತೆಗೆದವರು ತೀರಿಕೊಂಡ ನಂತರ 70 ವರ್ಷ ಇರುತ್ತದೆ. ಅಂದರೆ ಅಜ್ಜನ ಫೋಟೋಗಳಿಗೆ 2092ರ ಕೊನೆಯವರೆಗೆ. ಅದು ಈಗ ಬಹುಶಃ ಅಜ್ಜಿಯದು, ಉಯಿಲಿನಲ್ಲಿ ಏನಿದೆಯೋ ಅದರಂತೆ. ವರ್ಗಾಯಿಸಬೇಕಾದರೆ ಬರಹದಲ್ಲಿ, ಸಹಿಯೊಂದಿಗೆ ಆಗಬೇಕು. ಬಾಯಿಮಾತು ಸಾಲದು. ಅಜ್ಜಿ ವೃದ್ಧಾಶ್ರಮಕ್ಕೆ ಹೋಗುವ ಮುಂಚೆ ಒಂದು ಪುಟದ ಕಾಗದ ಮಾಡಿಸಿಕೊಳ್ಳಿ: ವಸ್ತು ಯಾರಿಗೆ, ಹಕ್ಕು ಯಾರಿಗೆ, ಮುಂದೆ ಸಂಗ್ರಹಾಲಯಕ್ಕೆ ಕೊಡಲು ಒಪ್ಪಿಗೆ ಇದೆಯಾ. ಮಕ್ಕಳಿದ್ದರೆ ಅವರಿಗೂ ತಿಳಿಸಿ. ಹೊರಗಿನವರು ತಗೊಂಡು ಹೋದರು ಅನ್ನುವ ಮಾತು ಆಮೇಲೆ ಬರಬಾರದು ನೋಡಿ. ಪ್ರಿಂಟ್‌ಗಳ ಹಿಂದೆ ಯಾರದ್ದಾದರೂ ಮುದ್ರೆ ಇದ್ದರೆ ಅವು ಅಜ್ಜ ಕೊಂಡದ್ದಿರಬಹುದು. ಅವನ್ನು ಹಾಕಬೇಡಿ.

ಮಾರುವ ಯೋಚನೆ ನನಗೆ ಇಷ್ಟವಿಲ್ಲ, ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ದುಡ್ಡೂ ಅಷ್ಟಕ್ಕಷ್ಟೇ. ಪ್ರಸಿದ್ಧ ಎಂಜಿನ್ ಫ್ಲೈಯಿಂಗ್ ಸ್ಕಾಟ್ಸ್‌ಮನ್‌ನ ಫೋಟೋ ಇದೆ ಅಂತ ಖುಷಿಪಡುತ್ತಾರೆ, ಅದನ್ನು ಸಾವಿರಾರು ಜನ ತೆಗೆದಿದ್ದಾರೆ. ಬೆಲೆ ಇರುವುದು ಶೆಡ್ ಮೂಲೆಯಲ್ಲಿ ಬೂದಿ ಎಳೆಯುತ್ತಿರುವ ಯಾರೋ ಒಬ್ಬರ ಚಿತ್ರಕ್ಕೆ, ಆಮೇಲೆ ಕೆಡವಿದ ಛಾವಣಿಗೆ. ವೇಲ್ಸ್‌ನ ಬ್ಯಾರಿ ಊರಿನ ಗುಜರಿ ಅಂಗಳದಿಂದ 213 ಎಂಜಿನ್‌ಗಳನ್ನು ಹವ್ಯಾಸಿಗಳು ಬಿಡಿಸಿಕೊಂಡು ಬಂದರು. ಎಷ್ಟೋ ಭಾಗ ಕಳಚಿಹೋಗಿದ್ದ ಅವನ್ನು ಮತ್ತೆ ಕಟ್ಟುವವರಿಗೆ ಪೈಪ್ ಎಲ್ಲಿ ಹಾಯುತ್ತಿತ್ತು ಅಂತ ತೋರಿಸುವುದು ಇಂಥ ಸಾಧಾರಣ ಫೋಟೋಗಳೇ. ಒಂದೊಂದಾಗಿ ಮಾರಿದರೆ ಚಿತ್ರ ಒಬ್ಬರ ಬಳಿ, ನೋಟ್‌ಬುಕ್ ಇನ್ನೊಬ್ಬರ ಬಳಿ. ಎರಡೂ ಕೆಲಸಕ್ಕೆ ಬಾರದು.

ಪುತ್ತೂರಿಗೆ? ನಿಮ್ಮ ಪ್ರೀತಿ ಅರ್ಥವಾಗುತ್ತದೆ, ಆದರೆ ಬೇಡ. ವಿಮಾನ ನಿಲ್ದಾಣದ ಎಕ್ಸ್‌ರೇ ಭಯ ಬಿಡಿ, ಡೆವಲಪ್ ಆದ ಫಿಲಂಗೆ ಅದರಿಂದ ಏನೂ ಆಗುವುದಿಲ್ಲ. ಸಮಸ್ಯೆ ನಮ್ಮ ಮಳೆಗಾಲ. ಚಿತ್ರ ಹಿಡಿದಿಡುವ ಪದರ ಜೆಲಟಿನ್, ಬೂಸ್ಟಿಗೆ ಅದು ಹಬ್ಬದೂಟ. ತೇವಾಂಶ ಶೇ 65 ದಾಟಿದರೆ ಬೂಸ್ಟು ಶುರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಅದಕ್ಕಿಂತ ಕೆಳಗೆ ಇಳಿಯುವುದೇ ಕಷ್ಟ. ಹುಳಿ ಹಿಡಿದ ಫಿಲಂಗೆ ಶಾಖವೂ ಸೇರಿದರೆ ಕೆಲವೇ ವರ್ಷ. ಎಸಿ, ಡಿಹ್ಯುಮಿಡಿಫೈಯರ್ ಹಗಲು ರಾತ್ರಿ ಓಡಿಸಬಲ್ಲಿರಾದರೆ ಬೇರೆ ಮಾತು. ಕರೆಂಟ್ ಹೋಗುವ ಊರಲ್ಲಿ ಫ್ರೀಜರ್ ನಂಬುವ ಹಾಗೂ ಇಲ್ಲ.

ಅಲ್ಲೇ ಬಿಟ್ಟು ಬನ್ನಿ. ಯಾರ್ಕ್‌ನ ರಾಷ್ಟ್ರೀಯ ರೈಲ್ವೆ ಮ್ಯೂಸಿಯಂ ದೊಡ್ಡದು. ಎಂಜಿನ್ ಫೋಟೋ ತೆಗೆಯುತ್ತಿದ್ದ ಬಿಷಪ್ ಎರಿಕ್ ಟ್ರೀಸಿಯವರ ಸಂಗ್ರಹವೂ ಅಲ್ಲೇ ಇದೆ. ಆದರೆ ಅವರು ಬಂದದ್ದನ್ನೆಲ್ಲ ತೆಗೆದುಕೊಳ್ಳುವುದಿಲ್ಲ, ಜಾಗ ಮತ್ತು ಆಯ್ಕೆಯ ಪ್ರಶ್ನೆ. ಡರ್ಬಿ ಸುತ್ತಿನ ಚಿತ್ರಗಳು ಜಾಸ್ತಿ ಇದ್ದರೆ ಮ್ಯಾಟ್‌ಲಾಕ್‌ನಲ್ಲಿರುವ ಡರ್ಬಿಶೈರ್ ದಾಖಲೆ ಕಚೇರಿಯನ್ನು ಕೇಳಿ. ಚೆಸ್ಟರ್‌ಫೀಲ್ಡ್ ಹತ್ತಿರದ ಬ್ಯಾರೋ ಹಿಲ್‌ನಲ್ಲಿ 1870ರ ದುಂಡನೆಯ ಶೆಡ್ ಇನ್ನೂ ಇದೆ. ಅಲ್ಲಿಯ ಫೋಟೋ ಅಜ್ಜನ ಬಳಿ ಇದ್ದರೆ ಅವರಿಗೂ ಆಸಕ್ತಿ ಇರಬಹುದು. ಎಲ್ಲಿಗೇ ಆಗಲಿ, ಪೆಟ್ಟಿಗೆ ಹೊತ್ತು ಹೋಗಬೇಡಿ. ಮೊದಲು ಒಂದು ಪುಟದ ಪಟ್ಟಿ ಕಳಿಸಿ: ಎಷ್ಟು ನೆಗೆಟಿವ್, ಯಾವ ವರ್ಷಗಳು, ಯಾವ ಶೆಡ್‌ಗಳು, ನೋಟ್‌ಬುಕ್ ಇದೆಯಾ, ವಿನೆಗರ್ ವಾಸನೆ ಇದೆಯಾ, ಹಕ್ಕಿನ ಕಾಗದ ಇದೆಯಾ. ವಾಸನೆಯನ್ನು ಮುಚ್ಚಿಡಬೇಡಿ, ಅದನ್ನು ಅವರು ಬೇರೆ ಇಡಬೇಕಾಗುತ್ತದೆ. ಜೊತೆಗೆ ಹತ್ತು ಚಿತ್ರದ ಚಿಕ್ಕ ಜೆಪೆಗ್. ಉತ್ತರ ಬರಲು ತಿಂಗಳುಗಳೇ ಹಿಡಿಯಬಹುದು. ಮುಂದಿನ ವರ್ಷ ಹೊರಡುವವರು ಈ ತಿಂಗಳೇ ಬರೆಯುವುದು ಒಳ್ಳೆಯದು. ಪುತ್ತೂರಿಗೆ ಎರಡು ಹಾರ್ಡ್ ಡಿಸ್ಕ್, ಅಜ್ಜಿ ಸಹಿ ಹಾಕಿದ ಕಾಗದದ ಒಂದು ಪ್ರತಿ ತಂದರೆ ಸಾಕು.